ಮಗಳಿಗೆ ವೆಲ್ಶ್ 'ಕಂಗ್‌ಹಾನೆದ್' ಹೋಮ್‌ವರ್ಕ್: ಮನೆಯಲ್ಲಿ ಹೇಗೆ ಹೇಳಿಕೊಡೋದು?

ಕಾರ್ಡಿಫ್ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲಿ ವೆಲ್ಶ್ ಮಾಧ್ಯಮದ ಶಾಲೆಯಲ್ಲಿ ಏಳನೇ ಕ್ಲಾಸು. ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್. ವೆಲ್ಶ್ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ. ಈಗ ಕಂಗ್‌ಹಾನೆದ್‌ನಲ್ಲಿ (ಸಾಲಿನೊಳಗೇ ವ್ಯಂಜನ, ಪ್ರಾಸ ಹೊಂದಿಸುವ ವೆಲ್ಶ್ ಕಾವ್ಯದ ಕಟ್ಟುಪಾಡು) ಒಂದು ಸಾಲು ಬರೆದುಕೊಂಡು ಬನ್ನಿ ಅಂದಿದ್ದಾರೆ. ಕೊಟ್ಟ ಹಾಳೆಯಲ್ಲಿ ಗ್ರೋಯ್ಸ್, ದ್ರೌಸ್, ಸೈನ್, ಲಿಸ್ಗ್ ಅಂತ ನಾಲ್ಕು ಬಗೆ, ತುಂಬ ಗೆರೆ, ಬಾಣ. "ನಾನು ಹೇಳ್ಬೇಕು ಅಂದ್ಕೊಂಡಿದ್ದೇ ಒಂದು, ಈ ಅಕ್ಷರ ಕೇಳೋದೇ ಇನ್ನೊಂದು" ಅಂತ ಪೆನ್ಸಿಲ್ ಎಸೆದಳು. ಇಷ್ಟು ಬಿಗಿಯಾದ ಛಂದಸ್ಸು ಈ ವಯಸ್ಸಿಗೆ ಬೇಕಾ? ಭಾಷೆ ಬಾರದ ನಾವು ಏನು ಮಾಡಬಹುದು?

ಹಾಸನದವಳು, ಕಾರ್ಮಾರ್ಥನ್:
ನಾನು ಇಲ್ಲಿನ ಒಂದು ಶಾಲೆಯಲ್ಲಿ ಟೀಚರ್‌ಗೆ ಸಹಾಯಕಿ. ಮೊದಲು ಆ ಹಾಳೆ ಎತ್ತಿಡಿ. ಇದು ಕಿವಿಯ ಕೆಲಸ.

ಈ ಗಾದೆಯನ್ನು ಜೋರಾಗಿ ಹೇಳಿ ನೋಡಿ: "ತೇಗ್ ಎದ್ರಿಖ್ / ತೀಅಗ್ ಆದ್ರೆವ್." ಮನೆ ಕಡೆ ನೋಡೋದೇ ಚಂದ ಅಂತ ಅರ್ಥ. ಮೊದಲರ್ಧದಲ್ಲಿ ತ, ಗ, ದ್ರ. ಎರಡನೇ ಅರ್ಧದಲ್ಲೂ ಅದೇ ತ, ಗ, ದ್ರ, ಅದೇ ಕ್ರಮದಲ್ಲಿ. ಸ್ವರ ಬೇರೆ ಆಗಿರಬಹುದು. ಕೊನೆಯ ಖ್ ಮತ್ತು ವ್ ಹೊಂದಬಾರದು, ಹೊಂದಿದರೆ ತಪ್ಪು. ಇದೇ ಗ್ರೋಯ್ಸ್. ನಡುವೆ ಕೆಲವು ವ್ಯಂಜನ ಹಾರಿಸಿಕೊಂಡು ಹೋದರೆ ದ್ರೌಸ್.

ಆದರೆ ಮಕ್ಕಳಿಗೆ ಲಿಸ್ಗ್‌ನಿಂದಲೇ ಶುರು ಮಾಡಿಸಿ ಅನ್ನುತ್ತೇನೆ. ಅಲ್ಲಿ ವ್ಯಂಜನ ಎಣಿಸುವ ಕಾಟವಿಲ್ಲ. ಸಾಲಿನ ಮೊದಲ ಭಾಗದ ತುದಿ, ಕೊನೆಯ ಪದದ ಕಡೆಯಿಂದ ಎರಡನೇ ಉಚ್ಚಾರಕ್ಕೆ (ಸಿಲಬಲ್‌ಗೆ) ಪ್ರಾಸವಾದರೆ ಸಾಕು. ನಮ್ಮ ಕ್ಲಾಸಿನ ಹುಡುಗನೊಬ್ಬ ಕಟ್ಟಿದ್ದು: "ಮೈ ಕಾಥ್ ಅರ್ ಬೆನ್ ಅರ್ ಆಥ್ರೊ." ಮೇಷ್ಟರ ತಲೆ ಮೇಲೆ ಬೆಕ್ಕು ಇದೆ! ಕಾಥ್ ಬೆಕ್ಕು, ಆಥ್ರೊ ಮೇಷ್ಟರು. ಏಳು ಉಚ್ಚಾರ, ಲೆಕ್ಕ ಪಕ್ಕಾ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು, ಮೇಷ್ಟರೂ ಸೇರಿ. ಆಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಪ್ರಾಣಿಯನ್ನು ಎಲ್ಲಾದರೂ ಕೂರಿಸಲೇಬೇಕಿತ್ತು.

ಅರ್ಥ ಆಮೇಲೆ ಬರಲಿ. ಮೊದಲು ತಲೆಹರಟೆ ಸಾಲುಗಳನ್ನೇ ಬರೆಯೋಕೆ ಬಿಡಿ.

ಒಂದು ಎಚ್ಚರ. ವೆಲ್ಶ್‌ನಲ್ಲಿ 29 ಅಕ್ಷರ. ಎರಡು ಡಿ ಸೇರಿದರೆ ಒಂದೇ ಅಕ್ಷರ, ಎರಡು ಎಲ್ ಸೇರಿದರೂ ಅಷ್ಟೇ. ಇಂಗ್ಲಿಷ್ ಕಣ್ಣಲ್ಲಿ ಓದಿದರೆ ಎಣಿಕೆ ಕೈ ಕೊಡುತ್ತೆ. ಹಾಗಾಗಿ ಸದ್ದನ್ನು ಕನ್ನಡ ಲಿಪಿಯಲ್ಲಿ ಬರೆಸಿ ನೋಡಿ, ಬೇಗ ಹಿಡಿತಕ್ಕೆ ಬರುತ್ತೆ.

ನಿವೃತ್ತ ಮೇಷ್ಟರು, ಶಿರಸಿ:
ತಾಯಿ, ನಿಮ್ಮ ಮಗಳಿಗೆ ಇದು ಪೂರ್ತಿ ಹೊಸದಲ್ಲ. ನಮ್ಮ ಷಟ್ಪದಿಯ ಪ್ರಾಸ ಇರುವುದು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ಅಲ್ಲೂ ವ್ಯಂಜನ ಒಂದೇ ಇರಬೇಕು, ಸ್ವರ ಬದಲಾಗಬಹುದು. ಕುಮಾರವ್ಯಾಸನ ಒಂದು ಪದ್ಯ ಓದಿಸಿ, ಎರಡನೇ ಅಕ್ಷರ ಬಂದಾಗಲೆಲ್ಲ ಚಪ್ಪಾಳೆ ಹೊಡೆಸಿ. ಕಿವಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಕೈ ಮೊದಲು, ಸೂತ್ರ ಆಮೇಲೆ.

ಸ್ವಾನ್ಸಿ ನಿವಾಸಿ:
ಎಲ್ಲ ಸರಿ, ಆದರೂ ನನಗೆ ಸಮಾಧಾನವಿಲ್ಲ. ಮಕ್ಕಳು ಮೊದಲು ಮನಸ್ಸಿಗೆ ಬಂದದ್ದನ್ನು ಬರೆಯಲಿ. 15ನೇ ಶತಮಾನದ ಕಟ್ಟುಪಾಡು ಯಾಕೆ?

ಹಾಸನದವಳು, ಕಾರ್ಮಾರ್ಥನ್:
ಸರ್, ಆ ಕಟ್ಟುಪಾಡು ಬಿಗಿಯಾದದ್ದೇ ಈ ಕಾರ್ಮಾರ್ಥನ್‌ನಲ್ಲಿ. 1450ರ ಆಸುಪಾಸಿನಲ್ಲಿ ಇಲ್ಲಿನ ಐಸ್ತೆದ್ವೊದ್‌ನಲ್ಲಿ (ಕವಿಗಳ ಸ್ಪರ್ಧೆಯ ಮೇಳ) ದಾವಿದ್ ಅಬ್ ಎದ್ಮುಂದ್ ಅನ್ನುವ ಕವಿ 24 ಛಂದಸ್ಸುಗಳನ್ನು ಗಟ್ಟಿ ಮಾಡಿದ. ಆದರೆ ಅದು ಹಳೇ ಕಪಾಟಲ್ಲಿ ಕೂತಿಲ್ಲ. ಬಿಬಿಸಿಯ ವೆಲ್ಶ್ ಭಾಷೆಯ ರೇಡಿಯೊ ಕಮ್ರಿಯಲ್ಲಿ 1979ರಿಂದ 'ತಾಲೂರ್ನ್ ಅ ಬೈರ್ದ್' ಅನ್ನುವ ಕವಿತಾ ಸ್ಪರ್ಧೆ ಬರ್ತಿದೆ. ತಂಡಗಳು ಸಾಲು ಕಟ್ಟಿ ತರುತ್ತವೆ, 'ಮೈರಿನ್' ಅನ್ನುವ ತೀರ್ಪುಗಾರ ಹತ್ತಕ್ಕೆ ಅಂಕ ಕೊಡುತ್ತಾರೆ, ಜನ ಕ್ರಿಕೆಟ್ ಸ್ಕೋರಿನ ಥರ ಕೇಳುತ್ತಾರೆ. 2000ದಿಂದ ಮಕ್ಕಳಿಗೇ ಅಂತ ಒಬ್ಬ ಕವಿಯೂ ಇದ್ದಾರೆ, ಶಾಲೆ ಶಾಲೆಗೆ ಹೋಗಿ ಬರೆಸುತ್ತಾರೆ. 2001ರಲ್ಲಿ ರಾಷ್ಟ್ರೀಯ ಐಸ್ತೆದ್ವೊದ್‌ನ ಕುರ್ಚಿ (ಅಲ್ಲಿ ಕವಿತೆಗೆ ಕೊಡುವ ದೊಡ್ಡ ಬಹುಮಾನ) ಗೆದ್ದ ಮೊದಲ ಹೆಂಗಸು ಮೆರೆರಿದ್ ಹಾಪ್ವುಡ್ ಕೂಡ ಆ ಕೆಲಸ ಮಾಡಿದವರು. ಆ ಕುರ್ಚಿ ಸಿಗುವುದು ಕಂಗ್‌ಹಾನೆದ್‌ನಲ್ಲಿ ಬರೆದ ಕವಿತೆಗೇ.

ಮತ್ತೆ, ಮನಸ್ಸಿಗೆ ಬಂದದ್ದು ಬರಿ ಅಂದರೆ ನಮ್ಮ ಮಕ್ಕಳು ಸುಮ್ನೆ ಕೂರುತ್ತಾರೆ. ಬೆಕ್ಕಿಗೆ ಪ್ರಾಸ ಹುಡುಕು ಅಂದರೆ ಕೈ ಎತ್ತುತ್ತಾರೆ. ಎಲ್ಲ ಮಕ್ಕಳೂ ಹೀಗೆ ಅನ್ನೊಲ್ಲ, ನನ್ನ ಕಣ್ಣಿಗೆ ಬಿದ್ದದ್ದು ಇಷ್ಟು.

ಕಾರ್ಡಿಫ್ ಅಮ್ಮ:
ಮೇಷ್ಟರೇ, ಚಪ್ಪಾಳೆ ಆಯ್ತು, ಕೆಳಗಿನ ಮನೆಯವರು ಬಾಗಿಲೂ ಬಡಿದರು! ಅಕ್ಕಾ, ಬೆಕ್ಕಿನ ಸಾಲು ಅವಳಿಗೆ ಬಾಯಿಪಾಠ. ಆದರೆ ಅವಳಿಗೆ ನಾಯಿಯೇ ಬೇಕಂತೆ. ಕಾಥ್ ತೆಗೆದು 'ಕಿ' ಹಾಕಬಹುದಾ?

ಹಾಸನದವಳು, ಕಾರ್ಮಾರ್ಥನ್:
ಹಾಕಿದರೆ ಪ್ರಾಸ ಕೆಡುತ್ತಲ್ಲ. ನಾಯಿ ಬೇಕಂದ್ರೆ ಮೇಷ್ಟರನ್ನು ಬಿಡಬೇಕು ಅಂತ ಹೇಳಿ. ಅದು ಯಾರ ಮೇಲೆ ಕೂರಬೇಕು ಅಂತ ಅವಳೇ ಡಿಕ್ಷನರಿಯಲ್ಲಿ ಹುಡುಕಲಿ.