ಭೋಸರಿಯಲ್ಲಿ ಗಂಟೆಗೆ 300 ಅಂತಿದ್ದಾರೆ, ಒಪ್ಪಲೇ?

ಕೇಳಿದವರು: ಪಿಂಪ್ರಿಯಿಂದ

ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಟೂಲ್ ರೂಮಿನಲ್ಲಿ ಆರು ವರ್ಷದಿಂದ ಫಿಕ್ಸ್ಚರ್ (ಮಷಿನ್ ಮೇಲೆ ಪಾರ್ಟ್ ಅಲುಗದಂತೆ ಹಿಡಿಯುವ ಸಾಧನ) ಡಿಸೈನ್ ಮಾಡುತ್ತಿದ್ದೇನೆ. ಸಂಬಳ 60,000. ಮುಂದಿನ ತಿಂಗಳು ಕೆಲಸ ಬಿಟ್ಟು ಸ್ವಂತವಾಗಿ ಶುರು ಮಾಡುತ್ತಿದ್ದೇನೆ. ಮೊದಲ ಕೆಲಸ ಮಾಲೀಕರೇ ಕೊಡುತ್ತಾರಂತೆ, ಗಂಟೆಗೆ 300 ರೂಪಾಯಿ. 26 ದಿನ, ದಿನಕ್ಕೆ 8 ಗಂಟೆ ಅಂತ ಭಾಗಿಸಿದರೆ ನನ್ನ ಈಗಿನ ಸಂಬಳ ಗಂಟೆಗೆ 288 ಆಗುತ್ತದೆ. ಹಾಗಾಗಿ 300 ಸರಿ ಅನಿಸುತ್ತಿದೆ. ಅನುಭವ ಇದ್ದವರು ಹೇಳಿ.

ಕೋಥ್ರೂಡ್‌ನಿಂದ, ಮಷಿನ್ ಡಿಸೈನರ್

ತಮ್ಮಾ, ಒಪ್ಪಬೇಡ. ಒಂಬತ್ತು ವರ್ಷದ ಹಿಂದೆ ನಾನೂ ಹೀಗೇ ಭಾಗಿಸಿದ್ದೆ. ಮೊದಲ ವರ್ಷ ಧಾರವಾಡದಲ್ಲಿದ್ದ ಅಪ್ಪನಿಂದ ಎರಡು ಸಲ ಸಾಲ ತರಬೇಕಾಯಿತು.

ಸಂಬಳದಲ್ಲಿ ಕಾಣದ ದುಡ್ಡು ಎಷ್ಟಿದೆ ನೋಡು. ಪಿಎಫ್‌ಗೆ ಕಂಪನಿ ಹಾಕುವ ಪಾಲು, ಗ್ರಾಚ್ಯುಟಿ, ದೀಪಾವಳಿ ಬೋನಸ್. ನಿನ್ನ ಸಂಬಳಕ್ಕೆ ವರ್ಷಕ್ಕೆ 90,000 ಅಂತ ಇಟ್ಟುಕೋ. ಇನ್ನು ಮೇಲೆ ಸಾಫ್ಟ್‌ವೇರ್ ಲೈಸೆನ್ಸು, ಕಂಪ್ಯೂಟರ್, ಮನೆಯವರ ಆರೋಗ್ಯ ವಿಮೆ, ಸಿಎ ಫೀಸು ಎಲ್ಲ ನಿನ್ನ ಜೇಬಿನಿಂದಲೇ. ಅದಕ್ಕೆ ಒಂದೂವರೆ ಲಕ್ಷ. ವರ್ಷದ ಸಂಬಳ 7,20,000 ಸೇರಿಸಿದರೆ 9,60,000.

ಈಗ ದಿನಗಳ ಲೆಕ್ಕ. ನಿಮ್ಮ ಕಡೆಯ ವಾರದ ರಜೆ, ಅಂದರೆ ಗುರುವಾರ, 52 ಹೋದರೆ 313. ಹಬ್ಬ, ಊರು, ಜ್ವರ ಅಂತ 33 ಕಳೆ, 280 ಉಳೀತು. ಅದರಲ್ಲಿ ಕಾಲು ಭಾಗ ಕೊಟೇಶನ್ ಮಾಡೋದು, ಚಾಕಣದ ಕಾರ್ಖಾನೆಗಳಿಗೆ ಓಡಾಡೋದು, ಬಿಲ್ಲಿಗೆ ಅಲೆಯೋದು, ಕೆಲಸ ಇಲ್ಲದೆ ಕೂರೋದು. ಉಳಿದದ್ದು 210 ದಿನ. ಎಂಟು ಗಂಟೆ ಕೂತರೂ ಬಿಲ್ ಹಾಕುವಂಥದ್ದು ಆರೇ ಗಂಟೆ. 1,260 ಗಂಟೆ ಆಯಿತು. ಭಾಗಿಸಿ ನೋಡು, 762 ರೂಪಾಯಿ. ಇದು ಈಗಿನ ಜೀವನ ನಡೆಸೋಕೆ ಬೇಕಾದ್ದು ಅಷ್ಟೇ, ಲಾಭ ಇದರಲ್ಲಿ ಇಲ್ಲ. 850 ಕೇಳು. 762ಕ್ಕಿಂತ ಕೆಳಗೆ ಇಳಿಯಬೇಡ.

ಇನ್ನೊಂದು ವಿಷಯ. ಗಂಟೆ ಲೆಕ್ಕದಲ್ಲೇ ಬಹಳ ದಿನ ಇರಬೇಡ. ಕೈ ಪಳಗಿದ ಹಾಗೆ ಕೆಲಸ ಬೇಗ ಮುಗಿಯುತ್ತದೆ, ಬಿಲ್ ಚಿಕ್ಕದಾಗುತ್ತದೆ. ಎರಡು ಮೂರು ಕೆಲಸ ಆದ ಮೇಲೆ ಒಂದು ಫಿಕ್ಸ್ಚರಿಗೆ ಇಷ್ಟು ಅಂತ ಹೇಳು. ಆದರೆ ಆಗ ಕೊಟೇಶನ್‌ನಲ್ಲಿ ಒಂದು ಸಾಲು ಇರಲೇಬೇಕು: ಡಿಸೈನ್ ಒಪ್ಪಿದ ಮೇಲೆ ಪಾರ್ಟ್ ಡ್ರಾಯಿಂಗ್ ಬದಲಾದರೆ ಹೊಸ ಲೆಕ್ಕ. ಈ ಸಾಲು ಇಲ್ಲದೆ ನಾನು ಒಬ್ಬರಿಗೆ ಹನ್ನೊಂದು ದಿನ ಬಿಟ್ಟಿ ಕೆಲಸ ಮಾಡಿದ್ದೇನೆ. ಮೂರು ಸಲ ಕ್ಲ್ಯಾಂಪಿನ ಜಾಗ ಬದಲಾಯಿಸಿದೆ. ಜಗಳ ಆಡೋಕೂ ನನ್ನ ಹತ್ತಿರ ಕಾಗದ ಇರಲಿಲ್ಲ.

ದುಡ್ಡು ಕೊಡುವಾಗಲೇ ಟಿಡಿಎಸ್ ಅಂತ ಶೇ. 10 ತೆರಿಗೆ ಹಿಡಿದರೆ ಗಾಬರಿ ಬೇಡ, ಅದು ನಿನ್ನ ತೆರಿಗೆಯ ಲೆಕ್ಕಕ್ಕೇ ಜಮಾ ಆಗುತ್ತದೆ. ಆದರೆ ಕೈಗೆ ಬರುವ ದುಡ್ಡು ಅಷ್ಟು ಕಮ್ಮಿ ಇರುತ್ತದೆ, ತಿಂಗಳ ಖರ್ಚಿಗೆ ಅದನ್ನು ನೆನಪಿಟ್ಟುಕೋ. ವರ್ಷದ ಬಿಲ್ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಬೇಕಾಗಲ್ಲ. ಬೇಕಾದಾಗ ಶೇ. 18 ದರದ ಮೇಲೆ ಬರಬೇಕು, ದರದ ಒಳಗೆ ಅಲ್ಲ. ಮಾತಾಡುವಾಗಲೇ ಹೇಳಿಬಿಡು.

ಡೊಂಬಿವಲಿಯಿಂದ, ಸಬ್‌ಟೈಟಲ್ ಅನುವಾದಕಿ

ನಂದು ಬೇರೆ ಕೆಲಸ, ಆದರೆ ಪೆಟ್ಟು ಒಂದೇ. ನಮ್ಮಲ್ಲಿ ಕಾರ್ಯಕ್ರಮದ ಒಂದು ನಿಮಿಷಕ್ಕೆ ಇಷ್ಟು ಅಂತ ದರ. ಅಂಧೇರಿಯ ಒಂದು ಸ್ಟುಡಿಯೋದವರು ಕಮ್ಮಿ ಮಾಡಿ ಅಂತ ಹಿಂದೆ ಬಿದ್ದಾಗ ನಾನು ದರ ಇಳಿಸಲಿಲ್ಲ. "ಟೈಮ್‌ಕೋಡ್, ಅಂದರೆ ಪ್ರತಿ ಸಾಲು ಯಾವ ಕ್ಷಣಕ್ಕೆ ಬರಬೇಕು ಅನ್ನೋದನ್ನು ನೀವೇ ಹಾಕಿ ಕೊಡಿ, ನಾನು ಅನುವಾದ ಮಾತ್ರ ಮಾಡುತ್ತೇನೆ, ಆಗ ಈ ದರ" ಅಂದೆ. ಕೆಲಸ ಕಮ್ಮಿ ಆದರೆ ದುಡ್ಡು ಕಮ್ಮಿ, ಇದನ್ನು ಅವರೂ ಒಪ್ಪಿದರು. ಅದೇ ಕೆಲಸಕ್ಕೆ ಸುಮ್ನೆ ಇಳಿಸಿದ್ದರೆ ಮುಂದಿನ ಸಲ ಅಲ್ಲಿಂದಲೇ ಚೌಕಾಸಿ ಶುರು ಆಗುತ್ತಿತ್ತು, ಅಲ್ವಾ?

ದುಡ್ಡು ಯಾವಾಗ ಬರುತ್ತದೆ ಅನ್ನೋದನ್ನೂ ದರದ ಜೊತೆಗೇ ಮಾತಾಡಿ. ನನಗೆ 90 ದಿನ ಅಂದಿದ್ದರು, ಬಂದದ್ದು ಏಳನೇ ತಿಂಗಳಿಗೆ. ಆಮೇಲೆ ಚಿಕ್ಕ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಮಾಡಿಸಿಕೊಂಡೆ. ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ನೋಂದಣಿ ಇರುವ ನಮ್ಮಂಥ ಚಿಕ್ಕವರಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ನನ್ನ ಇನ್ವಾಯ್ಸಿನ ಕೆಳಗೆ ಉದ್ಯಮ್ ಸಂಖ್ಯೆ ಹಾಕುತ್ತೇನೆ. ದೂರು ಕೊಡುವ ಪ್ರಸಂಗ ಇನ್ನೂ ಬಂದಿಲ್ಲ, ಆದರೆ ಅಕೌಂಟ್ಸ್‌ನವರು ಈಗ ಫೋನ್ ಎತ್ತುತ್ತಾರೆ.

ಮಡಗಾಂವ್‌ನಿಂದ, ಮದುವೆ ಫೋಟೋಗ್ರಾಫರ್

ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆ. ನನಗೆ ಕೆಲಸ ಹೆಚ್ಚುಕಮ್ಮಿ ಶೂನ್ಯ. ಡಿಸೆಂಬರಿನ ದಿನದ ದರ ಆ ನಾಲ್ಕು ತಿಂಗಳ ಬಾಡಿಗೆಯನ್ನೂ ಹೊರಬೇಕು. ನಿಮ್ಮಲ್ಲೂ ಆರ್ಡರ್ ಇಲ್ಲದ ತಿಂಗಳು ಇರುತ್ತದೆ, ಆರು ವರ್ಷದ್ದು ನೆನಪು ಮಾಡಿಕೊಂಡು ನೋಡಿ. ಮತ್ತೆ, ಅರ್ಧ ಮುಂಗಡ ಬಾರದೆ ಕೆಲಸಕ್ಕೆ ಕೈ ಹಾಕಬೇಡಿ.

ಕೇಳಿದವರು: ಪಿಂಪ್ರಿಯಿಂದ

ಎಲ್ಲರಿಗೂ ಧನ್ಯವಾದ. ಇವತ್ತು ಲೆಕ್ಕದ ಹಾಳೆ ಹಿಡಿದುಕೊಂಡೇ ಮಾಲೀಕರ ಹತ್ತಿರ ಹೋದೆ. 850 ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 600 ಅಂದರು. ಡೊಂಬಿವಲಿಯ ಅಕ್ಕ ಹೇಳಿದ ಹಾಗೆ, "ಡೀಟೇಲ್ ಡ್ರಾಯಿಂಗ್ ನಿಮ್ಮ ಹುಡುಗರು ಮಾಡಲಿ, ನಾನು ಕಾನ್ಸೆಪ್ಟ್ ಮತ್ತು ಮಾಡೆಲ್ ಮಾತ್ರ ಕೊಡುತ್ತೇನೆ. ಆಗ ಗಂಟೆಯೂ ಕಮ್ಮಿ, ನಿಮ್ಮ ಒಟ್ಟು ಬಿಲ್ಲೂ ಕಮ್ಮಿ. ದರ ಮಾತ್ರ 780" ಅಂದೆ. ಡ್ರಾಯಿಂಗ್ ಬದಲಾದರೆ ಹೊಸ ಲೆಕ್ಕ ಅನ್ನೋ ಸಾಲನ್ನೂ ತೋರಿಸಿದೆ. ಅದಕ್ಕೆ ಏನೂ ಅನ್ನಲಿಲ್ಲ. ಗುರುವಾರ ರಜೆ, ಶುಕ್ರವಾರ ಪಿಒ (ಬರಹದ ಆರ್ಡರ್) ಕೊಡುತ್ತೇನೆ ಅಂದಿದ್ದಾರೆ. ಮುಂಗಡ ಅರ್ಧಕ್ಕೆ ಒಪ್ಪಲಿಲ್ಲ, ಶೇ. 30ಕ್ಕೆ ನಿಂತಿದೆ.