ಜಿಯೋಕ್ಯಾಚಿಂಗ್‌ಗೂ ಕಾರಿಗೂ ಒಂದೇ ಜಿಪಿಎಸ್ ಸಾಕಾಗತ್ತಾ?

ಕಾಡುಹಾದಿ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಫೋನಲ್ಲೇ ಕ್ಯಾಶ್ (ಜಿಯೋಕ್ಯಾಚಿಂಗ್ ಆಟದಲ್ಲಿ ಬೇರೆಯವ್ರು ಬಚ್ಚಿಟ್ಟು, ಜಾಗದ ಅಕ್ಷಾಂಶ ರೇಖಾಂಶ ಕೊಟ್ಟಿರೋ ಡಬ್ಬಿ) ಹುಡುಕ್ತಿದ್ದೆ, ಈಗ ಕೈಯಲ್ಲಿ ಹಿಡಿಯೋ ಜಿಪಿಎಸ್ ಒಂದು ತಗೊಳ್ಳೋಣ ಅಂತ ಇದೀನಿ. ದಟ್ಟ ಮರಗಳ ಕೆಳಗೆ ಹೋದ್ರೆ ಫೋನಲ್ಲಿರೋ ಚುಕ್ಕಿ ಅಲ್ಲಿಂದಿಲ್ಲಿಗೆ ಹಾರ್ತಿರತ್ತೆ, ಬಿಸಿಲಲ್ಲಿ ಸ್ಕ್ರೀನೇ ಕಾಣಲ್ಲ, ಸಂಜೆ ಅಷ್ಟೊತ್ತಿಗೆ ಚಾರ್ಜ್ ಖಾಲಿ, ಆಮೇಲೆ ಮನೆಗೊಂದು ಕಾಲ್ ಮಾಡೋಕೂ ಆಗಲ್ಲ. ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್, 32ಎಕ್ಸ್ ಮತ್ತೆ ಜಿಪಿಎಸ್‌ಮ್ಯಾಪ್ 65 ಬಗ್ಗೆ ಓದ್ಕೊಂಡಿದೀನಿ, ಯಾವ್ದು ಅಂತ ತೀರ್ಮಾನ ಆಗ್ತಿಲ್ಲ. ಇನ್ನೊಂದು ವಿಷ್ಯ, ಅದೇ ಮಷೀನನ್ನ ಕಾರಲ್ಲಿ ಇಟ್ಕೊಂಡು ದಾರಿ ನೋಡ್ಕೊಂಡು ಹೋಗ್ಬೋದಾ? ಎರಡೆರಡು ಸಾಮಾನು ಯಾಕೆ ಅಂತ. ಬಳಸಿರೋರು ದಯವಿಟ್ಟು ಹೇಳಿ.

ದಿಕ್ಸೂಚಿ:
ಕಾರಿನ ವಿಷ್ಯ ಮೊದ್ಲು ಹೇಳ್ಬಿಡ್ತೀನಿ, ಇಟ್ರೆಕ್ಸನ್ನ ಕಾರಿಗೆ ಅಂತ ತಗೋಬೇಡಿ. ಸ್ಕ್ರೀನ್ ಇರೋದು 2.2 ಇಂಚು. 22ಎಕ್ಸಲ್ಲಿ ಗಾರ್ಮಿನ್‌ದೇ ಟೋಪೋಆಕ್ಟಿವ್ ಅನ್ನೋ ಮ್ಯಾಪ್ ಒಳಗೇ ಬರತ್ತೆ, ರಸ್ತೆ ಮೇಲೆ ರೂಟೂ ಹಾಕತ್ತೆ ನಿಜ, ಆದ್ರೆ ಎಡಕ್ಕೆ ತಿರುಗಿ ಅಂತ ಬಾಯ್ಬಿಟ್ಟು ಹೇಳಲ್ಲ. ಓಡೋ ಗಾಡೀಲಿ ಅಷ್ಟು ಚಿಕ್ಕ ಅಕ್ಷರ ಬಗ್ಗಿ ಓದೋದು ಅಪಾಯ, ಅದಂತೂ ಬೇಡವೇ ಬೇಡ. ಪಾರ್ಕಿಂಗ್ ಜಾಗದ ತನಕ ಫೋನಲ್ಲಿ ಹೋಗಿ, ಆಫ್‌ಲೈನ್ ಮ್ಯಾಪ್ ಇಳಿಸ್ಕೊಂಡಿದ್ರೆ ನೆಟ್‌ವರ್ಕ್ ಇಲ್ದೇ ಇದ್ರೂ ನಡೆಯತ್ತೆ, ಅಲ್ಲಿಂದ ಮುಂದೆ ಇದನ್ನ ಆನ್ ಮಾಡಿ.

ಈಗ 22ಕ್ಕೂ 32ಕ್ಕೂ ಏನು ವ್ಯತ್ಯಾಸ ಅಂದ್ರೆ ಮುಖ್ಯವಾಗಿ ಎರಡೇ, ಎಲೆಕ್ಟ್ರಾನಿಕ್ ದಿಕ್ಸೂಚಿ ಮತ್ತೆ ಗಾಳಿಯೊತ್ತಡದಿಂದ ಎತ್ತರ ಅಳೆಯೋದು. ಎರಡನೇದು ಕ್ಯಾಶ್ ಹುಡುಕೋರಿಗೆ ಅಂಥಾ ಅಗತ್ಯ ಏನಲ್ಲ. ಆದ್ರೆ ದಿಕ್ಸೂಚಿ ಬೇಕು ರೀ. ಅದಿಲ್ದೇ ಇರೋ ಮಷೀನಿಗೆ ನೀವು ನಡೀತಿದ್ರೆ ಮಾತ್ರ ನಿಮ್ಮ ಮುಖ ಯಾವ ಕಡೆ ಇದೆ ಅಂತ ಗೊತ್ತಾಗೋದು, ಯಾಕಂದ್ರೆ ಹಿಂದಿನ ಜಾಗ ಈಗಿನ ಜಾಗ ಎರಡನ್ನೂ ನೋಡಿ ದಿಕ್ಕು ಲೆಕ್ಕ ಹಾಕತ್ತೆ. ಕ್ಯಾಶಿಂದ 10 ಮೀಟರ್ ದೂರದಲ್ಲಿ ನಿಂತು ಬಂಡೆ ಸಂದಿ ನೋಡ್ತಿರ್ತೀರಲ್ಲ, ಆಗ್ಲೇ ಬಾಣ ಎತ್ತೆತ್ತಲೋ ತಿರುಗೋಕೆ ಶುರು ಮಾಡತ್ತೆ. 32ರಲ್ಲಿ ನಿಂತಲ್ಲೇ ತಿರುಗಿದ್ರೂ ಬಾಣ ಸರಿಯಾಗಿ ತೋರ್ಸತ್ತೆ, ಬ್ಯಾಟರಿ ಬದಲಾಯಿಸಿದ ಮೇಲೆ ಒಂದ್ಸಲ ಕ್ಯಾಲಿಬ್ರೇಟ್ ಮಾಡ್ಕೋಬೇಕು (ದಿಕ್ಸೂಚಿನ ಮತ್ತೆ ಸರಿಹೊಂದಿಸ್ಕೋಬೇಕು) ಅಷ್ಟೆ. ದುಡ್ಡಿಗೆ ತೊಂದ್ರೆ ಇಲ್ಲ ಅಂದ್ರೆ ಕಣ್ಣುಮುಚ್ಕೊಂಡು 32 ತಗೊಳ್ಳಿ.

ಮಂಜಿನಬೆಟ್ಟ:
ದಿಕ್ಸೂಚಿ ಅವರು ಹೇಳಿದ್ದು ಸರಿ, ಆದ್ರೆ ಪ್ರಶ್ನೆ ಕೇಳಿದೋರ ಮೊದಲ್ನೇ ದೂರು ಮರಗಳ ಕೆಳಗೆ ಚುಕ್ಕಿ ಹಾರೋದು ಅಲ್ವಾ, ಅದಕ್ಕೆ ನನ್ನ ಓಟು ಜಿಪಿಎಸ್‌ಮ್ಯಾಪ್ 65ಎಸ್‌ಗೆ. ಕೊನೇಲಿ ಎಸ್ ಇರೋದನ್ನೇ ನೋಡಿ, ಬರೀ 65ರಲ್ಲಿ ದಿಕ್ಸೂಚಿ ಇಲ್ಲ. ಇದು ಮಲ್ಟಿ ಬ್ಯಾಂಡ್, ಅಂದ್ರೆ ಉಪಗ್ರಹದಿಂದ ಬರೋ ಎಲ್1 ಅನ್ನೋ ಸಿಗ್ನಲ್ ಜೊತೆ ಬೇರೆ ಫ್ರೀಕ್ವೆನ್ಸಿಯ ಎಲ್5 ಸಿಗ್ನಲ್ಲೂ ಹಿಡಿಯತ್ತೆ, ಬಂಡೆಗೋ ಕಟ್ಟಡಕ್ಕೋ ಬಡಿದು ಸುತ್ತಿ ಬರೋ ಸಿಗ್ನಲ್ಲಿಂದ ಆಗೋ ಗೊಂದಲ ಇದ್ರಿಂದ ಕಮ್ಮಿ ಆಗತ್ತೆ. ಮೇಲ್ಗಡೆ ಮೂಗಿನ ಥರ ಚಾಚ್ಕೊಂಡಿರೋ ಆಂಟೆನಾನೂ ಒಳ್ಳೇದು, ಆದ್ರೆ ಅದನ್ನ ನೆಟ್ಟಗೆ ನಿಲ್ಲಿಸಿ ಹಿಡೀಬೇಕು, ಇಟ್ರೆಕ್ಸನ್ನ ಅಂಗೈ ಮೇಲೆ ಮಲಗಿಸಿದ ಹಾಗೆ ಹಿಡೀಬೇಕು. ಇದನ್ನ ತುಂಬಾ ಜನ ಗಮನಿಸಲ್ಲ. ಬ್ಯಾಟರಿ ಮಾತ್ರ ಕಂಪನಿ ಲೆಕ್ಕದಲ್ಲೇ 16 ಗಂಟೆ, ಇಟ್ರೆಕ್ಸ್ 25 ಗಂಟೆ. ಎರಡಕ್ಕೂ ಎರಡು ಎಎ ಸೆಲ್ ಸಾಕು.

ಒಂದೇ ಮಷೀನು ಬೇಕೇ ಬೇಕು ಅನ್ನೋರಿಗೆ ಗಾರ್ಮಿನ್‌ದೇ ಮೊಂಟಾನಾ 700 ಇದೆ, 5 ಇಂಚು ಟಚ್ ಸ್ಕ್ರೀನು. ಕಾರಿನ ಮೌಂಟೂ ರಸ್ತೆ ಮ್ಯಾಪೂ ಬೇರೆ ತಗೊಂಡ್ರೆ ಕಾರಿಗೂ ಚೆನ್ನಾಗೇ ಆಗತ್ತೆ. ಆದ್ರೆ 400 ಗ್ರಾಂ ಆಸುಪಾಸು ತೂಕ, ಇಟ್ರೆಕ್ಸ್ ಸೆಲ್ ಸೇರಿ 142 ಗ್ರಾಂ. ದಿನವಿಡೀ ಕುತ್ತಿಗೆಗೆ ನೇತಾಕ್ಕೊಂಡು ಗುಡ್ಡ ಹತ್ತೋರಿಗೆ ನಾನು ಹೇಳಲ್ಲ.

ಚಾರಣದಹುಚ್ಚು:
ಯಾವ್ದೇ ತಗೊಳ್ಳಿ, ಸೆಟ್ಟಿಂಗ್ ಸರಿ ಇಲ್ಲ ಅಂದ್ರೆ ಪ್ರಯೋಜನ ಇಲ್ಲ. ಲಾಕ್ ಆನ್ ರೋಡ್ ಅಂತ ಒಂದಿರತ್ತೆ, ಅದು ಆನ್ ಇದ್ರೆ ನೀವು ರಸ್ತೆ ಪಕ್ಕದ ಪೊದೇಲಿ ನಿಂತಿದ್ರೂ ಚುಕ್ಕಿನ ಎಳ್ಕೊಂಡು ಹೋಗಿ ರಸ್ತೆ ಮೇಲೆ ಕೂರ್ಸತ್ತೆ. ಕಾರಿಗೆ ಸರಿ, ಕ್ಯಾಶ್ ಹುಡುಕುವಾಗ ಆಫ್ ಮಾಡಿ. ರೂಟ್ ಲೆಕ್ಕನೂ ನೇರ ದಾರಿಗೆ ಬದಲಾಯ್ಸಿ, ಇಲ್ಲಾಂದ್ರೆ 50 ಮೀಟರ್ ದೂರದ ಡಬ್ಬಿಗೆ ಊರೆಲ್ಲ ಸುತ್ತಿಸತ್ತೆ.

ಇನ್ನು ಕೋಆರ್ಡಿನೇಟ್ಸ್, ಅಂದ್ರೆ ಅಕ್ಷಾಂಶ ರೇಖಾಂಶ. ಜಿಯೋಕ್ಯಾಚಿಂಗಲ್ಲಿ ಡಿಗ್ರಿ, ಆಮೇಲೆ ದಶಮಾಂಶ ಇರೋ ನಿಮಿಷ, ಡೇಟಮ್ (ಅಳತೆಗೆ ಆಧಾರವಾಗಿರೋ ಭೂಮಿಯ ಮಾದರಿ) ಡಬ್ಲ್ಯೂಜಿಎಸ್ 84. 15.500 ನಿಮಿಷ (ಅಂದ್ರೆ 15 ನಿಮಿಷ 30 ಸೆಕೆಂಡ್) ಅಂತ ಇರೋದನ್ನ 15 ನಿಮಿಷ 50 ಸೆಕೆಂಡ್ ಅಂತ ತುಂಬಿದ್ರೆ ಅಕ್ಷಾಂಶದಲ್ಲೇ 600 ಮೀಟರ್‌ಗಿಂತ ಜಾಸ್ತಿ ಆಚೆ ಹೋಗ್ತೀರ. ಕೈಯಲ್ಲಿ ಟೈಪ್ ಮಾಡೋದ್ಕಿಂತ ಜಿಯೋಕ್ಯಾಚಿಂಗ್ ವೆಬ್‌ಸೈಟಲ್ಲಿ ಪಾಕೆಟ್ ಕ್ವೆರಿ (ಬೇಕಾದ ಕ್ಯಾಶ್‌ಗಳ ಪಟ್ಟಿ) ಓಡಿಸಿ, ಜಿಪಿಎಸ್ ಮಷೀನ್ ಓದೋ ಜಿಪಿಎಕ್ಸ್ ಫೈಲ್ ಹಾಕ್ಕೊಳ್ಳಿ, ಪ್ರೀಮಿಯಂ ಮೆಂಬರ್‌ಶಿಪ್ ಬೇಕು, ಒಂದ್ಸಲಕ್ಕೆ 1000 ಕ್ಯಾಶ್ ತನಕ ಬರತ್ತೆ, ವಿವರ ಸುಳಿವು ಎಲ್ಲಾ ಸಮೇತ. ರೀಚಾರ್ಜ್ ಸೆಲ್ ಹಾಕೋದಾದ್ರೆ ಮೆನುವಲ್ಲಿ ಬ್ಯಾಟರಿ ಜಾತಿನೂ ಬದಲಾಯ್ಸಿ, ಅವು 1.2 ವೋಲ್ಟು, ಇಲ್ಲಾಂದ್ರೆ ಎಷ್ಟು ಉಳಿದಿದೆ ಅಂತ ತಪ್ಪು ತೋರ್ಸತ್ತೆ.

ಕಾಡುಹಾದಿ:
ತುಂಬಾ ಉಪಕಾರ ಆಯ್ತು ಎಲ್ಲರಿಂದ. ಕಾರಿಗೆ ಫೋನೇ ಇರ್ಲಿ ಅಂತ ಆಯ್ತು. 65ಎಸ್ ತಗೊಂಡ್ರೆ ನೇರ ಡಬ್ಬಿ ಮೇಲೇ ಕರ್ಕೊಂಡು ಹೋಗತ್ತಾ?

ಮಂಜಿನಬೆಟ್ಟ:
ಇಲ್ಲ ಗುರೂ, ಆ ಆಸೆ ಇಟ್ಕೋಬೇಡಿ. ಬಯಲಲ್ಲಿ ಸಾಮಾನ್ಯವಾಗಿ 3ರಿಂದ 5 ಮೀಟರ್ ಆಚೀಚೆ ಇರತ್ತೆ, ಡಬ್ಬಿ ಬಚ್ಚಿಟ್ಟೋರ ಅಳತೇಲೂ ಅಷ್ಟೇ ವ್ಯತ್ಯಾಸ ಇದ್ದಿರತ್ತೆ, ಎರಡೂ ಸೇರತ್ತೆ. ಇದಾದ್ರೂ ಸಿಕ್ಕಿದ್ದು 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಸಾಮಾನ್ಯ ಜನರ ಸಿಗ್ನಲ್ಲಿಗೆ ಬೇಕಂತ ಸೇರಿಸ್ತಿದ್ದ ದೋಷನ ತೆಗೆದುಹಾಕಿದ್ಮೇಲೆ, ಮರುದಿನವೇ ಆರೆಗಾನ್‌ನಲ್ಲಿ ಮೊದಲ್ನೇ ಡಬ್ಬಿ ಇಟ್ರು. ಅದಕ್ಕೇ 5 ಮೀಟರ್ ಅಂತ ತೋರ್ಸಿದ್ರೆ ಮಷೀನ್ ಜೇಬಿಗೆ ಹಾಕಿ, ಆಮೇಲೆ ಕಣ್ಣಲ್ಲೇ ಹುಡುಕಿ. ನೀವೇ ಕ್ಯಾಶ್ ಇಡೋವಾಗ ಮಾತ್ರ ವೇಪಾಯಿಂಟ್ ಆವರೇಜಿಂಗ್ (ಒಂದೇ ಜಾಗನ ಹಲವು ಸಲ ಅಳೆದು ಸರಾಸರಿ ತೆಗೆಯೋದು) ಬಳಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋಗಿ ಇನ್ನೊಂದ್ಸಲ ಅಳೀರಿ, ಹುಡುಕೋಕೆ ಬರೋರಿಗೆ ಒಳ್ಳೇದಾಗತ್ತೆ.