ಅತ್ತೆ, ಮಕ್ಕಳು ಎಲ್ಲರೂ ಸೇರಿ ಭಾನುವಾರ ಸಂಜೆ ಏನು ಮಾಡಬಹುದು?

ಪ್ರಶ್ನೆ: ಕತ್ರಿಗುಪ್ಪೆಯವಳು
ಬಾಡಿಗೆ ಮನೆಯಲ್ಲಿ ನಾವು ಐದು ಜನ. ನಾನು, ನಮ್ಮವರು, ಅತ್ತೆ, ಇಬ್ಬರು ಮಕ್ಕಳು. ಮಗಳಿಗೆ 9 ವರ್ಷ, ಮಗನಿಗೆ 5. ಭಾನುವಾರ ಬಂದರೆ ಮಾಲ್‌ಗೆ ಹೋಗುವುದು ರೂಢಿಯಾಗಿಬಿಟ್ಟಿದೆ. ಪಾರ್ಕಿಂಗು, ಗೇಮ್ಸ್ ಕಾರ್ಡು, ತಿಂಡಿ ಅಂತ ಖರ್ಚು ಜಾಸ್ತಿ. ಅತ್ತೆಗೆ ಮಂಡಿನೋವು, ಅವರೊಬ್ಬರೇ ಮನೆಯಲ್ಲಿ ಉಳಿಯುತ್ತಾರೆ. ದುಡ್ಡಿಗಿಂತ ನನಗೆ ಸಂಕಟವಾಗುವುದು ಅದು. ಅವರೂ ಜೊತೆಗೆ ಕೂರುವಂಥದ್ದು ಏನಾದರೂ ಹೇಳಿ.

ಉತ್ತರ: ಮಂಡ್ಯ ಕಡೆಯವಳು
ಚೌಕಾಬಾರ ಆಡಿ ಅಕ್ಕ. ನಿಮ್ಮ ಅತ್ತೆಗೆ ಖಂಡಿತ ಗೊತ್ತಿರುತ್ತದೆ, ಅವರನ್ನೇ ಕೇಳಿ. ನಮ್ಮ ಮನೆಯಲ್ಲಿ ಈ ಆಟ ಶುರುವಾದದ್ದೇ ಅಮ್ಮನಿಂದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು, ಒಟ್ಟು 25 ಮನೆ ಬರೆಯಿರಿ. ನಾಲ್ಕು ಕಡೆಯ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೀಟು ಹಾಕಿ. ಗೀಟಿನ ಮನೆಯಲ್ಲಿ ಕೂತ ಕಾಯನ್ನು ಯಾರೂ ಕಡಿಯುವ ಹಾಗಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆಚೂರು, ಗುಂಡಿ, ಹುರುಳಿಕಾಳು, ಏನಾದರೂ ಆಗುತ್ತದೆ.

ಕವಡೆ ನಾಲ್ಕು ಬೇಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಹಾಗಾಗಿ ಸುಮ್ನೆ ಮೂಲೆಯಲ್ಲಿ ಕೂತು ಗೆಲ್ಲೋಕೆ ಆಗಲ್ಲ, ಜಗಳ ಆಗಲೇಬೇಕು! ಮಧ್ಯದ ಮನೆ ಸೇರಿದ ಕಾಯಿ ಹಣ್ಣು. ನಮ್ಮಮ್ಮ ಬಾಯಿಬಿಟ್ಟು ಮಾತಾಡುವವರೇ ಅಲ್ಲ. ಕವಡೆ ಕೈಗೆ ಬಂದರೆ ‘ಬಾರ ಬೀಳೇ ತಾಯಿ’ ಅಂತ ಕೂಗುತ್ತಾರೆ. ನನ್ನ ಮಕ್ಕಳಿಗೆ ಅಜ್ಜಿ ಅಷ್ಟು ಗಟ್ಟಿಯಾಗಿ ನಗುತ್ತಾರೆ ಅಂತ ಗೊತ್ತಾದದ್ದೇ ಆ ಆಟದಲ್ಲಿ.

ಕತ್ರಿಗುಪ್ಪೆಯವಳು
ಓದಿ ಹೇಳಿದೆ, ಅತ್ತೆ ಎದ್ದು ಕೂತರು! ಆದರೆ ಕವಡೆ ಇಲ್ಲ. ಮಂಡಿಯಿಂದಾಗಿ ನೆಲದಲ್ಲಿ ಕೂರೋಕೂ ಆಗಲ್ಲ. ಆಡುವವರು ನಾಲ್ಕೇ ಜನ ಅಲ್ವಾ, ನಾವು ಐದು. ಮಗನ ಕಾಯಿ ಕಡಿದರಂತೂ ಅಳುತ್ತಾನೆ.

ಮಂಡ್ಯ ಕಡೆಯವಳು
ಹುಣಸೆಬೀಜ ಸಾಕು. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿದರೆ ಬಿಳಿ ಬರುತ್ತದೆ. ಆ ಕೆಲಸ ಮಕ್ಕಳಿಗೇ ಕೊಡಿ. ಮನೆಗಳನ್ನು ರಟ್ಟಿನ ಮೇಲೆ ಬರೆದು ಟೀಪಾಯಿ ಮೇಲಿಡಿ, ಅತ್ತೆ ಕುರ್ಚಿಯಲ್ಲೇ ಕೂರಲಿ. ಮಗನನ್ನು ಅವರ ಜೊತೆ ಸೇರಿಸಿ. ಅವರು ಬೀಜ ಹಾಕುವುದು, ಇವನು ಕಾಯಿ ನಡೆಸುವುದು. ಆಗ ಕಾಯಿ ಕಡಿದರೂ ಇಬ್ಬರದೂ ಹೋಗುತ್ತದೆ, ಅಳು ಕಡಿಮೆ. ಎಣಿಸುವುದನ್ನೂ ಕಲಿಯುತ್ತಾನೆ.

ಉತ್ತರ: ಮೈಸೂರಿನ ಅಪ್ಪ
ಯಾವಾಗಲಾದರೂ ಭಾನುವಾರ ನಮ್ಮೂರಿಗೆ ಬಂದರೆ ಸಂಜೆ 7ಕ್ಕೆ ಅರಮನೆ ದೀಪ ನೋಡಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಟಿಕೆಟ್ ಇಲ್ಲ. ನಮ್ಮ ಮಕ್ಕಳು ಹತ್ತರಿಂದ ಹಿಂದಕ್ಕೆ ಎಣಿಸುತ್ತಾ ನಿಲ್ಲುತ್ತಾರೆ. ಒಂದು ಪೊಟ್ಟಣ ಕಡಲೆಕಾಯಿ, ಅಷ್ಟೇ ಖರ್ಚು.

ಉತ್ತರ: ಹಾಸನದ ಸೊಸೆ
ಅವರೆಕಾಯಿ ಕಾಲದಲ್ಲಿ ಇದೂ ನೋಡಿ. ಸೊಗಡಿನ ಕಾಳು ಬಿಡಿಸಿ ನೀರಲ್ಲಿ ನೆನೆಸಿಡಿ. ಮಧ್ಯೆ ಒಂದು ದೊಡ್ಡ ತಟ್ಟೆ ಇಟ್ಟು ಎಲ್ಲರೂ ಸುತ್ತ ಕೂತು ಹಿದುಕಿ. ಬೇಳೆ ಚಿಮ್ಮಿ ಎಲ್ಲೆಲ್ಲೋ ಹಾರುತ್ತದೆ, ಮಕ್ಕಳಿಗೆ ಅದೇ ಮಜಾ. ಒಬ್ಬರೇ ಮಾಡಿದರೆ ಬೇಸರ ಬರುವ ಕೆಲಸ, ಐದು ಜನ ಕೂತರೆ ಹರಟೆ ಮುಗಿಯೋದರೊಳಗೆ ಸಾರಿಗೆ ಆಗುವಷ್ಟಾಗುತ್ತದೆ. ಅತ್ತೆ ಕೈಲಿ ಮಸಾಲೆ ಹೇಳಿಸಿಕೊಳ್ಳಿ. ಮುದ್ದೆ ಮಾಡೋದು ಮರೀಬೇಡಿ.